ನಾಲ್ಕು ಬೆರಳಿನ ವಾಟ

ಜಗಳೂರು ಸೀಮೆಯ ಆ ಮನೆಗೆ ತಗಡು ಹೊದಿಸಿದವನು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇನ್ನು ಮುಂದೆ ಬರುವ ತಪ್ಪೆಲ್ಲ ನನ್ನದೇ.

ಬಿಳಿಚೋಡಿನಿಂದ ಗಾಡಿದಾರಿಯಲ್ಲಿ ಒಳಕ್ಕೆ ಹೋದರೆ ಸಿಗುವ ಊರು ಅದು. ಸುತ್ತಲಿನ ಏಳೆಂಟು ಹಳ್ಳಿಗಳ ಹೆರಿಗೆ ನೋಡಿಕೊಳ್ಳಲು ಅಲ್ಲೊಬ್ಬ ಮಿಡ್‌ವೈಫ್ ಇರಬೇಕೆಂದು, ಆಕೆಯ ವಾಸಕ್ಕೆ ಊರಂಚಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದ್ದರು. ಕಲ್ಲುಮಣ್ಣಿನ ತೆಳು ಗೋಡೆ, ಮೇಲೆ ತಗಡು. ಮೊದಲು ಬಂದ ನರ್ಸಮ್ಮ ಒಂದೇ ಒಂದು ಬೇಸಿಗೆ ಕಳೆದು, ರಜೆ ಹಾಕಿ ಹೋದವರು ತಿರುಗಿ ಬರಲಿಲ್ಲ. ಆಮೇಲೆ ಒಂದು ವರ್ಷಕ್ಕೂ ಮೇಲ್ಪಟ್ಟು ಮನೆಗೆ ಬೀಗ. ಹೆರಿಗೆ ಕಷ್ಟವಾದವರನ್ನು ಗಾಡಿಯಲ್ಲಿ ಮಲಗಿಸಿಕೊಂಡು ಜಗಳೂರಿಗೆ ಹೋಗಬೇಕಿತ್ತು. ಅರ್ಧ ದಿನದ ದಾರಿ.

ಎರಡನೆಯ ನರ್ಸಮ್ಮ ಬಂದದ್ದು ಚಳಿಗಾಲದಲ್ಲಿ. ಚನ್ನಗಿರಿ ಕಡೆಯವರು, ಮೂವತ್ತರ ಆಸುಪಾಸು, ಮಾತು ಸ್ವಲ್ಪ ಖಾರ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಹಾಗೆ ಅವರೂ ವರ್ಗ ಬೇಡಿ ಕಚೇರಿಗೆ ಅರ್ಜಿ ಹಾಕಿದರು. ಆಗ ನಮ್ಮ ಇಂಜಿನಿಯರು ನನ್ನನ್ನು ಕರೆಸಿದರು. ನನಗೆ ಇಪ್ಪತ್ತನಾಲ್ಕು ವರ್ಷ, ಓವರ್ಸಿಯರ್ ಆಗಿ ಜಗಳೂರಿಗೆ ಬಂದು ಇನ್ನೂ ಮೂರು ತಿಂಗಳು.

"ಆ ಮನೆಗೆ ಏನಾದರೂ ಮಾಡಯ್ಯ. ಆದರೆ ಹೆಂಚು ಕೇಳಬೇಡ, ಸಿಮೆಂಟ್ ಕೇಳಬೇಡ. ಎರಡೂ ಇಲ್ಲ" ಅಂದರು. ಯುದ್ಧದ ಕಾಲ. ಬಸ್ಸುಗಳೇ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು, ಇನ್ನು ಹೆಂಚು ಹೊತ್ತು ತರುವ ಲಾರಿ ಎಲ್ಲಿಂದ ಬರಬೇಕು.

ನಾನು ಸೈಕಲ್ಲಿನಲ್ಲಿ ಆ ಊರು ಮುಟ್ಟಿದಾಗ ನಡುಮಧ್ಯಾಹ್ನ. ನರ್ಸಮ್ಮ ಬಾಗಿಲು ತೆಗೆದು, "ಒಳಗೆ ಬರ್ರಿ, ಎಷ್ಟೊತ್ತು ನಿಂತ್ಕಂತೀರೋ ನೋಡಾನ" ಅಂದರು. ಒಳಗೆ ಕಾಲಿಟ್ಟರೆ ರೊಟ್ಟಿ ಹಂಚಿನ ಮೇಲೆ ತಲೆ ಇಟ್ಟ ಹಾಗಾಯಿತು. ಗೂಡಿನಲ್ಲಿ ನಿಲ್ಲಿಸಿದ್ದ ಮೇಣದಬತ್ತಿ ಬಾಗಿ ತಲೆ ನೆಲಕ್ಕೆ ಮಾಡಿತ್ತು. ಡಬ್ಬಿಯ ಮುಲಾಮು ಕರಗಿ ಎಣ್ಣೆಯಾಗಿತ್ತು. ಹೆರಿಗೆಗೆಂದು ಮಾಡಿದ್ದ ಮುಂದಿನ ಕೋಣೆಯಲ್ಲಿ ಮಂಚ ಖಾಲಿ.

"ಇಲ್ಲಿ ಹೆರಿಗೆ ಆಗಾಕಿಲ್ಲೇನ್ರಿ?" ಎಂದು ಕೇಳಿದೆ.

"ಯಾರು ಬರ್ತಾರ್ರಿ ಇಲ್ಲಿಗೆ? ಹಸುಗೂಸು ಬೇಯಿಸಾಕೆ?" ಅಂದರು.

ಅವರು ಹಗಲು ಹೊತ್ತನ್ನು ಪಕ್ಕದ ಕುರಿ ಸಾಕುವವರ ಮನೆಯಲ್ಲಿ ಕಳೆಯುತ್ತಿದ್ದರಂತೆ. ನನ್ನನ್ನೂ ಅಲ್ಲಿಗೇ ಕರೆದುಕೊಂಡು ಹೋದರು. ಅದು ಮಣ್ಣಿನ ಮಾಳಿಗೆ ಮನೆ. ಆ ಸೀಮೆಯ ಮನೆಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ, ಮೇಲೆ ಚಪ್ಪಟೆಯಾಗಿ ಮಣ್ಣು ಹೊತ್ತುಕೊಂಡು ಕೂತಿರುತ್ತವೆ. ಕತ್ತಲೆಗೆ ಕಣ್ಣು ಹೊಂದುವ ಮೊದಲೇ ಮೈಗೆ ತಂಪು ತಾಗಿತು. ಆ ಮನೆಯ ಯಜಮಾನಿ ಮಜ್ಜಿಗೆ ಕೊಟ್ಟು ಎದುರಿಗೆ ಕೂತರು.

"ಹೆಂಗಾದ್ರೂ ಮಾಡಿ ಈ ಅಮ್ಮನ್ನ ಉಳಿಸ್ಕೊಡ್ರಿ. ಹೋದ ವರ್ಷ ಬೀಗ ಹಾಕಿತ್ತಲ್ಲ, ಆವಾಗ ನಮ್ಮ ನೆಗೆಣ್ಣೀನ ಗಾಡ್ಯಾಗೆ ಹಾಕ್ಕೊಂಡು ಜಗಳೂರಿಗೆ ಹೋದ್ವಿ. ದಾರ್ಯಾಗೇ ಹೋಗಿಬಿಟ್ಲು, ಕೂಸೂ ಹೋತು."

ಇಷ್ಟನ್ನು ಅವರು ಮೆಲ್ಲಗೆ ಹೇಳಿದರು. ಆ ಕ್ಷಣಕ್ಕೆ ನನ್ನ ಕೆಲಸ ಏನೆಂದು ಗೊತ್ತಾಯಿತು. ಒಂದು ಸೂರು ಬದಲಾಯಿಸುವುದಲ್ಲ, ಈ ನರ್ಸಮ್ಮ ಇಲ್ಲಿಂದ ಹೊರಡದ ಹಾಗೆ ಮಾಡುವುದು. ತಲೆಯ ಮೇಲಿದ್ದ ಮಾಳಿಗೆಯನ್ನು ನೋಡಿ, ಇದನ್ನೇ ಅಲ್ಲೂ ಹಾಕಿದರಾಯಿತು ಅಂದುಕೊಂಡೆ. ನರ್ಸಮ್ಮ ನನ್ನ ಮಾತು ಕೇಳಿ, "ರೋಹಿಣಿ ಮಳೆತನ ನೋಡ್ತೀನಿ. ಆಮ್ಯಾಕೆ ನನ್ನ ದಾರಿ ನನಗೆ" ಅಂದರು.

ಮಾಳಿಗೆ ಕೆಲಸಕ್ಕೆ ಜಗಳೂರಿನ ಒಬ್ಬ ಮುಸಲ್ಮಾನ ಮೇಸ್ತ್ರಿಯನ್ನು ಎಲ್ಲರೂ ಹೇಳಿದರು. ಅರವತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ಸೊಂಟದಲ್ಲಿ ಎಲೆ ಅಡಿಕೆಯ ಚೀಲ. ಬಂದವರೇ ಗೋಡೆಯನ್ನು ಗುದ್ದಿ ನೋಡಿ, "ಇದರ ಮೇಲೆ ಭಾರ ಬೇಡ. ಒಳಗೆ ಕಂಬ ನಿಲ್ಲಿಸಾನ. ನಾಳೆ ಗೋಡೆ ಬಿದ್ರೂ ಮಾಳಿಗೆ ನಿಲ್ಲಬೇಕು" ಅಂದರು. ಊರಲ್ಲಿ ಯಾರೋ ಬಿಚ್ಚಿಟ್ಟಿದ್ದ ಹಳೇ ಮನೆಯ ಬೇವಿನ ಕಂಬ, ತೊಲೆಗಳು ಸಿಕ್ಕವು. ತಗಡು ಇಳಿಸಿ ಹಿತ್ತಲಲ್ಲಿ ಪೇರಿಸಿದೆವು. ನರ್ಸಮ್ಮ ಕುರಿಯವರ ಮನೆಯ ಪಡಸಾಲೆಗೆ ಬಿಡಾರ ಬದಲಿಸಿದರು.

ಮಣ್ಣಿನ ಹುಡುಕಾಟಕ್ಕೆ ಮೇಸ್ತ್ರಿ ನನ್ನನ್ನು ಹಳ್ಳದ ದಂಡೆಗೆ ಕರೆದೊಯ್ದರು. ಮಾಳಿಗೆಯ ಮೇಲಿನ ಪದರಕ್ಕೆ ಎಲ್ಲ ಮಣ್ಣೂ ಆಗುವುದಿಲ್ಲ, ಕರಲು ಮಣ್ಣೇ ಬೇಕು. ಹುಲ್ಲು ಹುಟ್ಟದ, ಬಿಳಿ ಉಪ್ಪು ಹಾಸಿಕೊಂಡ ಸವಳು ನೆಲದ ಮಣ್ಣು ಅದು. ಮೇಸ್ತ್ರಿ ಒಂದು ಚಿಟಿಕೆ ನಾಲಿಗೆಗೆ ಇಟ್ಟು, ಉಗುಳಿ, "ಇದಲ್ಲ" ಎಂದು ಮುಂದೆ ಹೋದರು. ನಾಲ್ಕು ಕಡೆ ಹೀಗೆ ರುಚಿ ನೋಡಿ, ಐದನೆಯ ಕಡೆ ನನ್ನ ಅಂಗೈಗೂ ಒಂದು ಚಿಟಿಕೆ ಹಾಕಿದರು. ಸರ್ಕಾರಿ ನೌಕರ ಮಣ್ಣು ತಿನ್ನುವುದೇ ಎಂದು ಅತ್ತಿತ್ತ ನೋಡಿ ಬಾಯಿಗೆ ಇಟ್ಟುಕೊಂಡೆ. ಉಪ್ಪು, ಅದರ ಹಿಂದೆ ಸ್ವಲ್ಪ ಒಗರು.

"ಇದು ನೋಡ್ರಿ. ಮಳೆ ಬಿದ್ದ ಕೂಡ್ಲೆ ಮೇಲೆ ಮೇಲೆ ಕರಗಿ, ಬಿರುಕಿನಾಗೆ ತಾನೇ ಕೂತು ಮುಚ್ಕಂತೈತೆ. ಒಳಗೆ ನೀರು ಬಿಡಾಕಿಲ್ಲ" ಅಂದರು. ಆ ಮಾತಿನಲ್ಲೇ ನನಗೆ ಬೇಕಾದ ಎಚ್ಚರಿಕೆ ಇತ್ತು. ಕರಗುವ ಮಣ್ಣು ಅಂದರೆ ಏನೆಂದು ನಾನು ಒಂದು ಗಳಿಗೆ ಯೋಚಿಸಿದ್ದರೆ ಸಾಕಾಗಿತ್ತು.

ಜಗಳ ಬಂದದ್ದು ವಾಟದ ಮೇಲೆ. ನೀರು ಹರಿದುಹೋಗಲು ಸೂರಿಗೆ ಕೊಡುವ ಇಳಿಜಾರಿಗೆ ವಾಟ ಎನ್ನುತ್ತಾರೆ. ಮನೆಯ ಅಗಲ ಹದಿನಾರು ಅಡಿ. ಮುಂದಿನಿಂದ ಹಿಂದಕ್ಕೆ ನಾಲ್ಕು ಬೆರಳಷ್ಟು ತಗ್ಗಿದ್ದರೆ ಸಾಕು ಎಂದರು ಮೇಸ್ತ್ರಿ. ನಾನು ಮಲೆನಾಡಿನ ಅಂಚಿನ ನ್ಯಾಮತಿಯವನು. ನಮ್ಮ ಕಡೆಯ ಮಳೆಗೆ ಹೆಂಚಿನ ಸೂರು ಕಡಿದಾಗಿ ಇಳಿದಿರಬೇಕು, ನೀರು ಬಿದ್ದ ಕ್ಷಣ ಜಾರಿ ಅಂಗಳಕ್ಕೆ ಬೀಳಬೇಕು. ಅದನ್ನು ನೋಡಿ ಬೆಳೆದವನಿಗೆ ನಾಲ್ಕು ಬೆರಳು ಎಂಬುದು ತಮಾಷೆಯಾಗಿ ಕೇಳಿಸಿತು.

"ಒಂದೂವರೆ ಅಡಿ ಕೊಡ್ರಿ ಮೇಸ್ತ್ರಿ. ನೀರು ನಿಂತ್ರೆ ಮನೆಯೊಳಗೆ ಇಳಿಯುತ್ತೆ" ಅಂದೆ.

"ನೀರು ನಿಲ್ಲಬಾರ್ದು, ಖರೆ. ಓಡಲೂಬಾರ್ದು ಸಾಹೇಬ್ರೆ. ನಡೀಬೇಕು."

ನನ್ನ ಹತ್ತಿರ ಹೊಸ ರಸಮಟ್ಟ ಇತ್ತು. ಹಿತ್ತಾಳೆಯದು, ಗಾಜಿನ ಕೊಳವೆಯೊಳಗೆ ಗುಳ್ಳೆ ಆಡುವಂಥದು. ಅದನ್ನು ತೊಲೆಯ ಮೇಲಿಟ್ಟು, ಗುಳ್ಳೆ ಎಲ್ಲಿಗೆ ಬಂದರೆ ಎಷ್ಟು ಇಳಿಜಾರು ಎಂದು ಆ ಹಿರಿಯರಿಗೆ ಪಾಠ ಹೇಳಿದೆ. ಅವರು ಇನ್ನೆರಡು ಸಲ ಹೇಳಿ ನೋಡಿದರು. ಮೂರನೆಯ ಸಲ ನಾನು ದನಿ ಏರಿಸಿದೆ. "ಆಗ್ಲಿ ಬಿಡ್ರಿ, ಹುಕುಂ ನಿಮ್ದು" ಎಂದು ಮುಂದಿನ ಸಾಲಿನ ಕಂಬಗಳನ್ನು ನಾನು ಹೇಳಿದಷ್ಟು ಎತ್ತರಕ್ಕೇ ಉಳಿಸಿದರು.

ಉಳಿದದ್ದೆಲ್ಲ ಅವರ ಲೆಕ್ಕದ ಹಾಗೆಯೇ ನಡೆಯಿತು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಒತ್ತಾಗಿ ಸೀಳಿದ ಕಡ್ಡಿ. ಅದರ ಮೇಲೆ ಗೆದ್ದಲು ಮುಟ್ಟದ ಬಂದರಿಕೆ ಸೊಪ್ಪನ್ನು ಗೇಣು ದಪ್ಪಕ್ಕೆ ಹಾಸಿ ತುಳಿದೆವು. ಆಮೇಲೆ ಹುಲ್ಲು ಸೇರಿಸಿ ಕಲಸಿದ ಕೆಸರು, ಅದು ಒಣಗಿದ ಮೇಲೆ ಕರಲು ಮಣ್ಣು. ಅಂಚಿನ ಸುತ್ತ ಮೋಟು ಗೋಡೆಯ ಹಾಗೆ ಕುಂಬಿ ಕಟ್ಟಿ, ಹಿಂದೆ ನೀರು ಬೀಳಲು ಮರದ ದೋಣಿ ಇಟ್ಟರು. ನಡುವೆ ಒಂದು ಬೆಳಕಿಂಡಿ ಬಿಟ್ಟರು. ಯುಗಾದಿ ಮುಗಿದು ತಿಂಗಳಾಗುವಷ್ಟರಲ್ಲಿ ನರ್ಸಮ್ಮ ತಮ್ಮ ಮನೆಗೆ ಮರಳಿದರು. ಮೊದಲ ಮಧ್ಯಾಹ್ನವೇ ಒಳಗೆ ಮಲಗಿ ನಿದ್ದೆ ಮಾಡಿದರಂತೆ. ಮುಂದಿನ ಕೋಣೆಯಲ್ಲಿ ಒಂದು ಹೆರಿಗೆಯೂ ಆಯಿತು. ನಾನು ಜಗಳೂರಿನ ಕಚೇರಿಯಲ್ಲಿ ಎದೆಯುಬ್ಬಿಸಿ ಓಡಾಡಿದೆ.

ಎಂಟೇ ದಿನ. ಭರಣಿ ಮಳೆ ಒಂದು ಸಂಜೆ ಗಾಳಿಯೊಂದಿಗೆ ಬಂತು. ಮರುದಿನ ಬೆಳಿಗ್ಗೆ ನರ್ಸಮ್ಮ ಆಳು ಕಳಿಸಿದ್ದರು, ಸೈಕಲ್ ತುಳಿದುಕೊಂಡು ಓಡಿದೆ.

ಮಾಳಿಗೆ ಹತ್ತಿ ನೋಡಿದರೆ ನನ್ನ ಒಂದೂವರೆ ಅಡಿ ವಾಟದಲ್ಲಿ ನೀರು ನಿಜಕ್ಕೂ ಓಡಿತ್ತು. ಓಡುವಾಗ ಕರಗಿದ ಮಣ್ಣನ್ನೂ ಹೊತ್ತುಕೊಂಡು ಓಡಿತ್ತು. ಮೇಲಿನಿಂದ ಕೆಳಕ್ಕೆ ಅಂಗೈ ಆಳದ ಕೊರಕಲುಗಳು, ಎರಡು ಕಡೆ ಸೊಪ್ಪು ಹೊರಗೆ ಕಾಣುತ್ತಿತ್ತು. ಹಿಂದಿನ ಕುಂಬಿಯ ಹತ್ತಿರ ಮಣ್ಣೆಲ್ಲ ಗುಡ್ಡೆಯಾಗಿ, ದೋಣಿ ಮುಚ್ಚಿ, ನೀರು ಮನೆಯೊಳಗೇ ಇಳಿದಿತ್ತು. ಕೆಳಗೆ ನೆಲದ ತುಂಬ ತಪ್ಪಲೆ, ಕೊಡ, ಚೊಂಬು. ಮಂಚದ ಮೇಲೆ ಹೆರಿಗೆಯ ಚೀಲ, ಅದರ ಮೇಲೆ ಬಿಚ್ಚಿಟ್ಟ ಕೊಡೆ.

"ಹೋದಾಕೀನ ಬೇಸಿಗ್ಯಾಗೆ ಬೇಯಿಸಿದ್ರಿ, ನನ್ನ ಮಳ್ಯಾಗೆ ತೋಯಿಸಿದ್ರಿ. ಮೂರನೇದಾಕಿಗೆ ಚಳಿಗಾಲದಾಗೆ ಏನು ಮಾಡ್ಬೇಕಂತ ಮಾಡೀರಿ ಓವರ್ಸಿಯರ್ರೆ?" ಎಂದು ಕೇಳಿದರು ನರ್ಸಮ್ಮ. ನಗುತ್ತಿರಲಿಲ್ಲ.

ಆಗಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಮಣ್ಣು ಸಾಲದಾಯಿತು ಎಂದು ಇನ್ನೆರಡು ಗಾಡಿ ಕರಲು ತರಿಸಿ ಮೇಲೆ ಹಾಕಿಸಿದೆ. ನಾಲ್ಕನೆಯ ದಿನದ ಮಳೆ ಅದನ್ನೂ ಒಯ್ದಿತು. ಮೇಸ್ತ್ರಿ ಬಂದು, ಹಿತ್ತಲಲ್ಲಿ ಬಿದ್ದ ಬೂದು ಕೆಸರನ್ನು ಕಾಲಲ್ಲಿ ಸವರಿ ನೋಡಿ, ಕಟ್ಟೆಯ ಮೇಲೆ ಕೂತರು. ಅವರು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ವಾರದೊಳಗೆ ಇಂಜಿನಿಯರೇ ಬಂದರು. ಬಿಳಿಚೋಡಿನವರೆಗೆ ಇದ್ದಿಲ ಬಸ್ಸು, ಅಲ್ಲಿಂದ ಎತ್ತಿನ ಗಾಡಿ. ಬಿಳಿ ಪ್ಯಾಂಟಿನ ಮೇಲೆಲ್ಲ ಮಸಿ. ಮೊದಲೇ ಸಿಟ್ಟಿನಲ್ಲಿದ್ದರು. ಮಾಳಿಗೆ ನೋಡಿ ಇಳಿದು ಬಂದು, "ಮುಗೀತು ಬಿಡು. ತಗಡು ಇದೆಯಲ್ಲ, ಮತ್ತೆ ಹೊದಿಸು. ಈಕೆ ಕೇಳಿದ ವರ್ಗಕ್ಕೆ ಸಹಿ ಹಾಕ್ತೀನಿ. ಆ ಮೇಸ್ತ್ರಿ ಹೆಸರನ್ನು ನಮ್ಮ ಪಟ್ಟಿಯಿಂದ ತೆಗಿ" ಅಂದರು.

ಮೇಸ್ತ್ರಿ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರು, ಕೇಳಿಸಿಕೊಂಡರು. ಕುರಿಯವರ ಮನೆಯ ಯಜಮಾನಿ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ಒಂದು ಗಳಿಗೆ ಮುಚ್ಚಿಕೊಂಡೇ ಇದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ತಗಡು ಮತ್ತೆ ಮೇಲೇರಿದರೆ ನರ್ಸಮ್ಮ ಹೊರಡುತ್ತಾರೆ, ಬೀಗ ಬೀಳುತ್ತದೆ, ಇನ್ನೊಬ್ಬಳು ಗಾಡಿಯಲ್ಲಿ ಹೋಗುತ್ತಾಳೆ. ನನ್ನ ಒಂದು ಹಟಕ್ಕೆ ಇಷ್ಟೆಲ್ಲ.

"ಸಾರ್, ಮಾಳಿಗೆಯಲ್ಲಿ ತಪ್ಪಿಲ್ಲ. ಮೇಸ್ತ್ರಿ ನಾಲ್ಕು ಬೆರಳು ವಾಟ ಸಾಕು ಅಂತ ಮೂರು ಸಲ ಹೇಳಿದರು. ಒಂದೂವರೆ ಅಡಿ ಕೊಡಿಸಿದವನು ನಾನು. ಬಿಚ್ಚಿ, ಕಂಬ ಕೊಯ್ದು, ಮತ್ತೆ ಹಾಕ್ತೀವಿ. ರೋಹಿಣಿ ಮಳೆಗೆ ಇನ್ನೂ ಎರಡು ವಾರ ಇದೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬರೆದು ಕೊಡ್ತೀಯಾ?"

"ಕೊಡ್ತೀನಿ ಸಾರ್."

ಕಟ್ಟೆಯ ಮೇಲೆ ಕೂತು, ಮೊಣಕಾಲಿನ ಮೇಲೆ ಕಾಗದ ಇಟ್ಟುಕೊಂಡು ಬರೆದೆ. ಬರೆದು ಮುಗಿಸಿದಾಗ ಎದೆ ಹಗುರಾಯಿತು. ಎಷ್ಟೋ ದಿನಗಳಿಂದ ಅಷ್ಟು ಹಗುರಾಗಿರಲಿಲ್ಲ. ಇಂಜಿನಿಯರು ಅದನ್ನು ನರ್ಸಮ್ಮನ ಅರ್ಜಿಯ ಜೊತೆಗೇ ಮಡಿಚಿ ಜೇಬಿಗೆ ಇಟ್ಟುಕೊಂಡು, "ರೋಹಿಣಿಯಲ್ಲಿ ಸೋರಿದರೆ ಎರಡಕ್ಕೂ ಒಟ್ಟಿಗೇ ಸಹಿ" ಅಂದರು.

"ತಗಡು ಹಾಕಿದ್ರೆ ಇವತ್ತೇ ಹೊಂಡ್ತೀನಿ. ಮಾಳಿಗೆ ಮಾಡೋದಾದ್ರೆ ಅಲ್ಲಿತನ ಇರ್ತೀನಿ" ಎಂದರು ನರ್ಸಮ್ಮ ಒಳಗಿನಿಂದ.

ಗಾಡಿ ಹೊರಟ ಮೇಲೆ ಮೇಸ್ತ್ರಿಯ ಹತ್ತಿರ ಹೋಗಿ, ತಪ್ಪಾಯಿತು ಅಂದೆ. ಅವರು ನನಗೂ ಒಂದು ಎಲೆ ಮಡಿಚಿ ಕೊಟ್ಟರು. "ನಾಕನೇ ಸಲ ಹೇಳಿದ್ರೆ ಕೇಳ್ತಿದ್ರೋ ಏನೋ. ನಾನೂ ಬಿಟ್ಟುಬಿಟ್ಟೆ" ಅಂದರು. ಕೇಳುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಮರುದಿನದಿಂದ ಬಿಚ್ಚುವ ಕೆಲಸ. ಕಟ್ಟುವುದಕ್ಕಿಂತ ಬಿಚ್ಚುವುದು ಕಷ್ಟ. ಒದ್ದೆ ಮಣ್ಣನ್ನು ಪುಟ್ಟಿಯಲ್ಲಿ ತುಂಬಿ ಇಳಿಸಬೇಕು, ಸೊಪ್ಪು ಕೆಡದ ಹಾಗೆ ತೆಗೆದು ಒಣಗಿಸಬೇಕು, ಜಂತೆಗಳಿಗೆ ಗುರುತು ಹಾಕಿ ಸಾಲಾಗಿ ಇಡಬೇಕು. ನಾನೂ ಪ್ಯಾಂಟು ಬಿಚ್ಚಿಟ್ಟು, ಚಡ್ಡಿಯಲ್ಲಿ ಏಣಿಯ ಮೇಲೆ ನಿಂತು ಪುಟ್ಟಿ ದಾಟಿಸಿದೆ. ಆರನೆಯ ದಿನ ಮುಂದಿನ ಕಂಬಗಳಿಗೆ ಗರಗಸ ಹಾಕಿದರು. ನನ್ನ ವಿದ್ಯೆಯ ತುಂಡುಗಳು ನಾಲ್ಕು ಉದುರಿದವು. ನರ್ಸಮ್ಮ ಅವನ್ನು ಎತ್ತಿಕೊಂಡು ಹೋಗಿ ಒಲೆಗೆ ಹಾಕಿದರು. "ಚೆನ್ನಾಗಿ ಉರೀತಾವೆ" ಅಂದರು.

ಕೆಸರಿನ ಪದರ ಒಣಗಿದಾಗ ಮೇಸ್ತ್ರಿ ವಾಟ ಪರೀಕ್ಷೆ ಮಾಡಿದ ರೀತಿ ನೋಡಿ ನನಗೆ ನಾಚಿಕೆಯಾಯಿತು. ರಸಮಟ್ಟದ ಕಡೆ ತಿರುಗಿಯೂ ನೋಡಲಿಲ್ಲ. ಮುಂದಿನ ಕುಂಬಿಯ ಹತ್ತಿರ ಕೂತು ಒಂದು ಚೊಂಬು ನೀರು ನಿಧಾನವಾಗಿ ಬಿಟ್ಟು, ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಕತ್ತರಿಸಿ, ಮಡಿಚಿ ಬಾಯಿಗೆ ಇಟ್ಟುಕೊಂಡರು. ಅಷ್ಟರಲ್ಲಿ ನೀರು ದೋಣಿಯ ಬಾಯಿಗೆ ಬಂದು ಮುಟ್ಟಬೇಕು. ಮೊದಲೇ ಬಂದರೆ ವಾಟ ಹೆಚ್ಚು, ಎಲೆ ಅಗಿದು ಮುಗಿದರೂ ಬರದಿದ್ದರೆ ಕಡಿಮೆ. ಎರಡು ಕಡೆ ಉಬ್ಬು ತೆಗೆಸಿ, ಒಂದು ಕಡೆ ತಗ್ಗು ತುಂಬಿಸಿ, ಮೂರನೆಯ ಚೊಂಬಿಗೆ ತಲೆಯಾಡಿಸಿದರು.

ಇನ್ನು ಕರಲು ಮಣ್ಣು ಬೇಕಿತ್ತು. ಮೊದಲು ತರಿಸಿದ್ದೆಲ್ಲ ಕೊಚ್ಚಿಹೋಗಿ, ಈಗ ಗಾಡಿಗಳು ಬಿತ್ತನೆಯ ಗಡಿಬಿಡಿಯಲ್ಲಿದ್ದವು. ಆ ಸೀಮೆಯಲ್ಲಿ ಮುಂಗಾರಿಗೆ ಮುಂಚೆ ಪ್ರತಿ ಮನೆಯವರೂ ತಮ್ಮ ಮಾಳಿಗೆಗೆ ಹೊಸದಾಗಿ ಒಂದು ಪದರ ಮಣ್ಣು ಹಾಕುವ ರೂಢಿ. ಹೆಂಗಸರು ಹಳ್ಳದಿಂದ ಪುಟ್ಟಿಯಲ್ಲಿ ಹೊತ್ತು ತರುತ್ತಾರೆ. ಯಜಮಾನಿ ಮನೆಮನೆಗೆ ಹೋಗಿ ಏನು ಹೇಳಿದರೋ, ಎರಡು ದಿನ ಬೆಳಿಗ್ಗೆ ಹೆಂಗಸರು ತಮ್ಮ ಮನೆಗೆ ಹೋಗುವ ಮೊದಲು ಮೊದಲ ಪುಟ್ಟಿಯನ್ನು ನಮ್ಮ ಏಣಿಯ ಬುಡದಲ್ಲಿ ಸುರಿದು ಹೋದರು. ಎಷ್ಟು ಜನ ಬಂದರೆಂದು ನಾನು ಎಣಿಸಲಿಲ್ಲ. ಮೇಸ್ತ್ರಿ ಮಾತ್ರ ಪ್ರತಿ ಪುಟ್ಟಿಯಿಂದಲೂ ಒಂದು ಚಿಟಿಕೆ ತೆಗೆದು ನಾಲಿಗೆಗೆ ಇಡುತ್ತಿದ್ದರು. ಒಬ್ಬಾಕೆಯ ಮಣ್ಣನ್ನು, "ತಂಗೀ, ಇದು ಸಪ್ಪಗೈತೆ" ಎಂದು ವಾಪಸು ಕಳಿಸಿದರು. ಆಕೆ ಗೊಣಗಿಕೊಂಡೇ ಹೋಗಿ ಬೇರೆ ತಂದಳು.

ರೋಹಿಣಿ ಮಳೆ ಬಂದದ್ದು ಒಂದು ಮಧ್ಯಾಹ್ನ. ಅದನ್ನು ಕಾಯುತ್ತಲೇ ನಾನು ಮೂರು ದಿನದಿಂದ ಆ ಊರಿನಲ್ಲಿ ಠಿಕಾಣಿ ಹೂಡಿದ್ದೆ. ನರ್ಸಮ್ಮ, ಯಜಮಾನಿ, ಮೇಸ್ತ್ರಿ, ನಾನು, ನಾಲ್ವರೂ ಮುಂದಿನ ಕೋಣೆಯಲ್ಲಿ ಕೂತು ಮೇಲೆ ನೋಡುತ್ತಿದ್ದೆವು. ಬೆಳಕಿಂಡಿಗೆ ಕಲ್ಲು ಮುಚ್ಚಿದ್ದರಿಂದ ಒಳಗೆ ಕತ್ತಲೆ. ಮಳೆ ಜೋರಾಯಿತು. ತಗಡಾಗಿದ್ದರೆ ಕಿವಿ ಕಿತ್ತುಹೋಗುತ್ತಿತ್ತು, ಇಲ್ಲಿ ದೂರದಲ್ಲಿ ಯಾರೋ ರಾಗಿ ಬೀಸುವ ಹಾಗೆ ಸದ್ದು. ನನ್ನ ಕುತ್ತಿಗೆ ನೋಯತೊಡಗಿತು. ಜಂತೆಗಳ ಸಂದಿ ಒಂದೊಂದನ್ನೂ ನೋಡಿದೆ, ಮೂಲೆಗಳನ್ನು ನೋಡಿದೆ, ಹಿಂದಿನ ಗೋಡೆಗೆ ಕೈಯಿಟ್ಟು ನೋಡಿದೆ.

ಹಿಂದೆ ದೋಣಿಯಿಂದ ನೀರು ಬೀಳುವ ಶಬ್ದ ಶುರುವಾಯಿತು. ಮೇಸ್ತ್ರಿ ಎದ್ದು, ತಲೆಗೆ ಗೋಣಿ ಹಾಕಿಕೊಂಡು ಹೋಗಿ ಅಂಗೈ ಒಡ್ಡಿ ನಿಂತರು. ನಾನೂ ಹಿಂದೆಯೇ ಹೋದೆ. ಮೊದಲು ಬಂದ ನೀರು ಬೂದು. ಅವರು ಕೈ ಒದರಿ ಮತ್ತೆ ಒಡ್ಡಿದರು. ಇನ್ನೂ ಬೂದು. ಮೂರನೆಯ ಸಲ ಅಂಗೈಯನ್ನು ನನ್ನ ಮುಖದ ಹತ್ತಿರ ತಂದರು. ನೀರಿನ ಕೆಳಗೆ ಅವರ ಕೈರೇಖೆ ಕಾಣುತ್ತಿತ್ತು.

"ಮುಚ್ಕಂತು. ಇನ್ನು ಹೆದ್ರಬ್ಯಾಡ್ರಿ" ಅಂದರು.

ನಾನು ಅತ್ತೆ. ಮಳೆಯಲ್ಲಿ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆ, ಆದರೆ ಅವರು ಬೆನ್ನ ಮೇಲೆ ಕೈಯಿಟ್ಟರು. ಇಬ್ಬರೂ ಒಳಗೆ ಬಂದೆವು. ನರ್ಸಮ್ಮ ಇನ್ನೂ ಮೇಲೆಯೇ ನೋಡುತ್ತಿದ್ದರು. ಅರ್ಜಿಯ ವಿಷಯ ಕೇಳಬೇಕೆಂದು ನನ್ನ ಬಾಯಿಯವರೆಗೆ ಬಂದಿತ್ತು, ಧೈರ್ಯ ಸಾಲಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಗಾಡಿ ನಿಂತಿತು. ಕಂಬಳಿ ಕೊಪ್ಪೆ ಹೊದ್ದ ಒಬ್ಬ ಆಳು ಹೊಸ್ತಿಲ ಹೊರಗೇ ನಿಂತು ಕೇಳಿದ. "ನರ್ಸಮ್ಮ ಅದಾರೇನ್ರಿ? ಹೋಗ್ತಾರೆ ಅಂತ ಅಂತಿದ್ರು. ಇಲ್ಲಾಂದ್ರೆ ಹಿಂಗೇ ಜಗಳೂರಿಗೆ ಹೊಡ್ಕಂಡು ಹೋಗ್ತೀನಿ." ಗಾಡಿಯ ಚಾಪೆಯ ಕಮಾನಿನೊಳಗೆ ಒಬ್ಬ ಹೆಂಗಸು ನರಳುವುದು ಕೇಳಿಸಿತು.

ನರ್ಸಮ್ಮ ಆಗಲೇ ಎದ್ದು ಸೆರಗು ಕಟ್ಟಿದ್ದರು.

"ಅದೀನಿ. ಎಲ್ಲಿಗೂ ಹೋಗಾಕಿಲ್ಲ. ಇಳಿಸು ಆಕೀನ, ಒಳಗೆ ಒಂದು ಹನಿ ಬಿದ್ದಿಲ್ಲ." ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, "ಗಂಡಸ್ರು ಹೊರಗೆ ನಡೀರಿ" ಅಂದರು.

ನಾನೂ ಮೇಸ್ತ್ರಿಯೂ ಎತ್ತು ಬಿಚ್ಚಿದ ಗಾಡಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತೆವು. ಗಾಡಿ ಎಲ್ಲ ಕಡೆಯೂ ಸೋರುತ್ತಿತ್ತು. ಅಷ್ಟು ಸುಖವಾಗಿ ನಾನು ಮತ್ತೆಂದೂ ಮಳೆಯಲ್ಲಿ ನೆನೆದಿಲ್ಲ.